ಓಜು ಸಿನಿಮಾದ ಎರಡು ಬ್ಲೂ-ರೇ: ದಾವಣಗೆರೆಯ ಮನೆಯಲ್ಲಿ ಹಾಕಿಕೊಂಡು ನೋಡುವವರಿಗೆ

ಜಪಾನಿನ ನಿರ್ದೇಶಕ ಯಸುಜಿರೊ ಓಜು ಅವರ ಸಿನಿಮಾವನ್ನು ಹತ್ತು ನಿಮಿಷ ನೋಡಿ ‘ಏನೂ ನಡೆಯೋದೇ ಇಲ್ಲವಲ್ಲ’ ಎಂದು ಎದ್ದವರಲ್ಲಿ ಹಲವರು ನಿಜವಾಗಿ ಓಜು ಮಾಡಿದ್ದನ್ನು ನೋಡಿಯೇ ಇರುವುದಿಲ್ಲ. ಅಗಲಕ್ಕೆ ಎಳೆದು ಚಪ್ಪಟೆಯಾದ, ಮೇಲೆ ಕೆಳಗೆ ಕತ್ತರಿಸಿದ, ನೀಲಿ ಬಣ್ಣಕ್ಕೆ ತಿರುಗಿದ ಇನ್ನೊಂದನ್ನು ನೋಡಿರುತ್ತಾರೆ. ಬೇರೆ ನಿರ್ದೇಶಕರ ಸಿನಿಮಾ ಇಷ್ಟು ಕೆಟ್ಟರೂ ಕಥೆಯಾದರೂ ಉಳಿಯುತ್ತದೆ. ಓಜು ಅವರದ್ದರಲ್ಲಿ ಹಾಗಲ್ಲ. ಜಾರುಬಾಗಿಲಿನ ಪಟ್ಟಿ, ಓಣಿಯಂತೆ ಒಳಗೆ ಹೋಗುವ ಪಡಸಾಲೆ, ನೆಲದ ಮೇಲಿನ ಚಹಾದ ಬಟ್ಟಲು, ಇವೆಲ್ಲ ಎಲ್ಲಿ ಕೂತಿವೆ ಎಂಬುದೇ ಅಲ್ಲಿ ಕಥೆ. ಹಾಗಾಗಿ ಡಿಸ್ಕ್ ಹೇಗಿದೆ ಎಂದು ಹೇಳುವಾಗ ಅದನ್ನು ಹೇಗೆ ಹಾಕಬೇಕು ಎಂಬುದನ್ನೂ ಸೇರಿಸಿಯೇ ಹೇಳಬೇಕು.

ಇಲ್ಲಿ ನೋಡುತ್ತಿರುವುದು ಅಮೆರಿಕದ ಕ್ರೈಟೀರಿಯನ್ ಕಂಪನಿ ಹೊರತಂದ ಎರಡು ಬ್ಲೂ-ರೇ ಡಿಸ್ಕ್: ‘ಟೋಕಿಯೋ ಸ್ಟೋರಿ’ (1953, ಕಪ್ಪು-ಬಿಳುಪು, 136 ನಿಮಿಷ) ಮತ್ತು ‘ಗುಡ್ ಮಾರ್ನಿಂಗ್’ (1959, ಬಣ್ಣ, 94 ನಿಮಿಷ). ಎರಡನೆಯದರಲ್ಲಿ ಓಜು 1932ರಲ್ಲಿ ಮಾಡಿದ ‘ಐ ವಾಸ್ ಬಾರ್ನ್, ಬಟ್...’ ಎಂಬ ಮೂಕಿ ಸಿನಿಮಾವೂ ಪೂರ್ತಿಯಾಗಿ ಇದೆ.

ದುಡ್ಡು ಕಳಿಸುವ ಮೊದಲು ಪ್ಲೇಯರ್ ನೋಡಿಕೊಳ್ಳಿ. ಯಾವ ಡಿಸ್ಕ್ ಎಲ್ಲಿ ಓಡಬೇಕೆಂದು ಬ್ಲೂ-ರೇ ಲೋಕದಲ್ಲಿ ದೇಶಗಳನ್ನು ಎ, ಬಿ, ಸಿ ಎಂದು ಮೂರು ವಲಯ ಮಾಡಿದ್ದಾರೆ; ಭಾರತ ಸಿ ವಲಯ. ಕ್ರೈಟೀರಿಯನ್ ಡಿಸ್ಕ್‌ಗಳು ಎ ವಲಯದವು, ಬ್ರಿಟನ್ನಿನ ಬಿಎಫ್‌ಐ (ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್) ತರುವ ಓಜು ಡಿಸ್ಕ್‌ಗಳು ಬಿ ವಲಯದವು. ಇಲ್ಲಿಯ ಅಂಗಡಿಯಲ್ಲಿ ಕೊಂಡ ಮಾಮೂಲಿ ಪ್ಲೇಯರಿನಲ್ಲಿ ಎರಡೂ ಓಡುವುದಿಲ್ಲ; ಪರದೆ ಮೇಲೆ ವಲಯ ಸರಿಯಿಲ್ಲ ಎಂಬ ಸೂಚನೆ ಬಂದು ನಿಲ್ಲುತ್ತದೆ. ಡಿಸ್ಕೂ ಕೆಟ್ಟಿಲ್ಲ, ಪ್ಲೇಯರೂ ಕೆಟ್ಟಿಲ್ಲ. ಎಲ್ಲ ವಲಯಕ್ಕೂ ತೆರೆದಿರುವ ಪ್ಲೇಯರ್ ಬೇಕು, ಅದೂ ಬ್ಲೂ-ರೇಗೆ ತೆರೆದದ್ದು. ‘ಮಲ್ಟಿ ರೀಜನ್’ ಎಂದು ಬರೆದ ಕೆಲವು ಪ್ಲೇಯರ್‌ಗಳು ಡಿವಿಡಿಗೆ ಮಾತ್ರ ಹಾಗಿರುತ್ತವೆ. ಅಗ್ಗಕ್ಕೆ ಸಿಗುತ್ತದೆಂದು ಪಾಲ್ ಎಂಬ ಟಿವಿ ಪದ್ಧತಿಯ ಹಳೆಯ ಡಿವಿಡಿ ತಂದರೆ ಇನ್ನೊಂದು ತೊಂದರೆ. ಸೆಕೆಂಡಿಗೆ 24 ಚೌಕದ (ಫ್ರೇಮ್) ಸಿನಿಮಾವನ್ನು 25ರಲ್ಲಿ ಓಡಿಸುವುದರಿಂದ 136 ನಿಮಿಷದ್ದು 131ಕ್ಕೂ ಮೊದಲೇ ಮುಗಿಯುತ್ತದೆ. ಮೌನವನ್ನೂ ಅಳೆದು ಇಟ್ಟ ನಿರ್ದೇಶಕನ ಸಿನಿಮಾದಲ್ಲಿ ಐದು ನಿಮಿಷ ಚಿಕ್ಕ ನಷ್ಟವಲ್ಲ.

ಒಂದೇ ಕೊಳ್ಳುವುದಾದರೆ ‘ಗುಡ್ ಮಾರ್ನಿಂಗ್’ ಕೊಳ್ಳಿ. ‘ಟೋಕಿಯೋ ಸ್ಟೋರಿ’ ದೊಡ್ಡ ಸಿನಿಮಾ; 2012ರಲ್ಲಿ ಸೈಟ್ ಅಂಡ್ ಸೌಂಡ್ ಪತ್ರಿಕೆ ಜಗತ್ತಿನ ನಿರ್ದೇಶಕರ ಮತ ಕೇಳಿದಾಗ ಮೊದಲ ಸ್ಥಾನ ಅದಕ್ಕೇ ಬಂತು. ಆದರೆ ಓಜು ಶೈಲಿಗೆ ಕಣ್ಣು ಪಳಗುವುದು ಹಗುರವಾದ ‘ಗುಡ್ ಮಾರ್ನಿಂಗ್’ನಲ್ಲಿ. ಟಿವಿ ಬೇಕೆಂದು ಹಟ ಹಿಡಿದ ಅಣ್ಣತಮ್ಮಂದಿರಿಗೆ ಅಪ್ಪ ‘ಬಾಯಿ ಮುಚ್ಚಿ’ ಎನ್ನುತ್ತಾನೆ, ಅವರು ನಿಜಕ್ಕೂ ಮಾತು ಬಿಟ್ಟುಬಿಡುತ್ತಾರೆ. ಅಕ್ಕಪಕ್ಕದ ಮನೆಗಳಲ್ಲಿ ಅದರಿಂದ ಅಪಾರ್ಥಗಳು ಹುಟ್ಟುತ್ತವೆ. ಹೂಸು ಬಿಡುವ ಆಟವೂ ಇದೆ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಅವರು ನಗುವ ಹೊತ್ತಿನಲ್ಲಿ ದೊಡ್ಡವರು ಗೋಡೆ, ಓಣಿ, ದಿಬ್ಬದ ಗೆರೆಗಳನ್ನು ನೋಡಬೇಕು. ಒಂದರ ಪಕ್ಕ ಒಂದು ನಿಂತ ಮನೆಗಳ ನಡುವೆ ಜನ ಹಾದುಹೋಗುವುದನ್ನು ಸಂಗೀತದ ತಾಳದಂತೆ ಜೋಡಿಸಿದ್ದಾರೆ.

ಬಣ್ಣಕ್ಕೆ ಓಜು ಬಂದದ್ದು ತಡವಾಗಿ, 1958ರಲ್ಲಿ. 1963ರಲ್ಲಿ ಸಾಯುವ ಮೊದಲು ಬಣ್ಣದಲ್ಲಿ ಮಾಡಿದ್ದು ಆರೇ ಸಿನಿಮಾ. ಕೆಂಪು ತಮಗೆ ಬೇಕಾದಂತೆ ಬರುತ್ತದೆಂದು ಜರ್ಮನಿಯ ಆಗ್ಫಾ ಫಿಲ್ಮ್ ಬಳಸಿದರು. ತಣ್ಣನೆಯ ಬೂದು, ಕಂದು ಕೋಣೆಯ ಒಂದು ಮೂಲೆಯಲ್ಲಿ ಒಂದು ಕೆಂಪು ವಸ್ತು ಇಟ್ಟಿರುತ್ತಾರೆ. ಟಿವಿಯ ಪಿಕ್ಚರ್ ಮೋಡನ್ನು ‘ವಿವಿಡ್’ನಲ್ಲಿ ಬಿಟ್ಟರೆ ಕೋಣೆಯೆಲ್ಲ ಮಿನುಗಿ ಆ ಒಂದು ಕೆಂಪು ಗುಂಪಿನಲ್ಲಿ ಕಳೆದುಹೋಗುತ್ತದೆ.

ಈ ಆರು ಸಿನಿಮಾಗಳಲ್ಲಿ ಕ್ಯಾಮೆರಾ ಒಮ್ಮೆಯೂ ಚಲಿಸುವುದಿಲ್ಲ. ಕೊನೆಯ ವರ್ಷಗಳಲ್ಲಿ ಬಹುತೇಕ ಎಲ್ಲವೂ ಒಂದೇ 50 ಮಿ.ಮೀ. ಲೆನ್ಸಿನಲ್ಲಿ ತೆಗೆದದ್ದು. ಕ್ಯಾಮೆರಾ ಮೂರಡಿ ಎತ್ತರದಲ್ಲಿ ಇರುತ್ತದೆ ಎಂಬ ಮಾತು ಎಲ್ಲ ಕಡೆ ಸಿಗುತ್ತದೆ, ಅದು ಪೂರ್ತಿ ಸರಿಯಲ್ಲ. ತೋರಿಸುವ ವಸ್ತು ಯಾವುದೋ ಅದರ ಎತ್ತರಕ್ಕಿಂತ ತಗ್ಗಿನಲ್ಲಿ ಇಡುತ್ತಾರೆ. ನಿಂತವರಿಗೆ ಒಂದು ಎತ್ತರ, ಚಾಪೆಯ ಮೇಲೆ ಕೂತವರಿಗೆ ಅದಕ್ಕಿಂತ ತಗ್ಗು. ಇದರಿಂದ ನೆಲದ ಚಾಪೆಗಳ ಕಪ್ಪು ಅಂಚು ಕಣ್ಣಿಗೆ ಹೊಡೆಯುವುದಿಲ್ಲ, ಕೂತವರು ಕುಗ್ಗಿ ಕಾಣುವುದಿಲ್ಲ. ಇಬ್ಬರು ಮಾತಾಡುವಾಗ ಇಬ್ಬರೂ ಹೆಚ್ಚುಕಡಿಮೆ ನಮ್ಮ ಕಡೆಗೇ ನೋಡುತ್ತಾರೆ. ಎದುರುಬದುರು ಕೂತವರಂತೆ ದಿಕ್ಕು ಹೊಂದಿಸುವ ನಿಯಮವನ್ನು ಓಜು ಬೇಕೆಂದೇ ಬಿಟ್ಟಿದ್ದಾರೆ. ಮೊದಲ ಸಲ ಕಸಿವಿಸಿಯಾಗುತ್ತದೆ, ಅರ್ಧ ಗಂಟೆಯಲ್ಲಿ ನಾವೂ ಆ ಕೋಣೆಯಲ್ಲೇ ಕೂತಿದ್ದೇವೆ ಅನ್ನಿಸತೊಡಗುತ್ತದೆ.

ಒಂದು ದೃಶ್ಯದಿಂದ ಇನ್ನೊಂದಕ್ಕೆ ದಾಟುವಾಗ ಯಾರೂ ಇಲ್ಲದ ಎರಡು ಮೂರು ನೋಟ ಬರುತ್ತವೆ: ಒಣಹಾಕಿದ ಬಟ್ಟೆ, ಚಿಮಣಿ, ರೈಲು. ‘ಟೋಕಿಯೋ ಸ್ಟೋರಿ’ಯ ಮುದುಕ ಮುದುಕಿ ಮಕ್ಕಳನ್ನು ನೋಡಲು ತಮ್ಮ ಊರು ಒನೊಮಿಚಿಯಿಂದ ಹೊರಟರೆಂದು ತಿಳಿದ ಮೇಲೆ ನಮಗೆ ಪ್ರಯಾಣ ತೋರಿಸುವುದಿಲ್ಲ, ಹೊಗೆ ಉಗುಳುವ ಚಿಮಣಿಗಳನ್ನು ತೋರಿಸುತ್ತಾರೆ. ಟೋಕಿಯೋ ಬಂತು, ಅಷ್ಟೇ. ಹತ್ತಿಮಿಲ್ಲುಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನವರಿಗೆ, ರೈಲ್ವೆ ಗೇಟು ಬಿದ್ದಾಗ ನಿಂತು ಡಬ್ಬಿ ಎಣಿಸಿದವರಿಗೆ ಈ ನೋಟಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಇವು ಬಂದಾಗ ಫೋನ್ ನೋಡಬೇಡಿ. ಹಿಂದಿನ ದೃಶ್ಯ ಮನಸ್ಸಿನಲ್ಲಿ ಇಳಿಯುವುದು ಅಲ್ಲೇ.

ಈಗ ಟಿವಿ. ಓಜು ಅವರ ಚೌಕಟ್ಟು ಎತ್ತರದ 1.37 ಪಟ್ಟು ಅಗಲ. 43 ಇಂಚಿನ ಟಿವಿಯಲ್ಲಿ ಪರದೆ ಸುಮಾರು 95 ಸೆಂ.ಮೀ. ಅಗಲ, 53.5 ಸೆಂ.ಮೀ. ಎತ್ತರ. ಚಿತ್ರ 73 ಸೆಂ.ಮೀ. ಅಗಲಕ್ಕೆ ನಿಲ್ಲಬೇಕು, ಎರಡೂ ಬದಿ 11 ಸೆಂ.ಮೀ. ಕಪ್ಪು ಪಟ್ಟಿ ಇರಬೇಕು. ಅನುಮಾನವಿದ್ದರೆ ಟೇಪು ಹಿಡಿದು ಅಳೆಯಿರಿ. ಪಟ್ಟಿ ಕಂಡು ‘ಸ್ಕ್ರೀನ್ ವೇಸ್ಟ್ ಆಗ್ತಿದೆ’ ಎಂದು ಯಾರಾದರೂ ರಿಮೋಟ್ ಒತ್ತಿಯೇ ಒತ್ತುತ್ತಾರೆ. ‘ಸ್ಟ್ರೆಚ್’ ಒತ್ತಿದರೆ ಮುಖಗಳು ಶೇ. 30ರಷ್ಟು ಅಗಲವಾಗುತ್ತವೆ. ‘ಝೂಮ್’ ಒತ್ತಿದರೆ ಎತ್ತರದಲ್ಲಿ ಶೇ. 23 ಹೋಗುತ್ತದೆ, ಹೋಗುವುದು ಚಹಾದ ಬಟ್ಟಲು ಮತ್ತು ಬಾಗಿಲಿನ ತಲೆಪಟ್ಟಿ, ಅಂದರೆ ಓಜು ಇಟ್ಟದ್ದೇ. ಅಂಚುಗಳನ್ನು ಸ್ವಲ್ಪ ನುಂಗುವ ಓವರ್‌ಸ್ಕ್ಯಾನ್ ಅನ್ನೂ ತೆಗೆಯಿರಿ. ಅದಕ್ಕೆ ಮೆನುವಿನಲ್ಲಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’ ಇಂಥ ಹೆಸರಿನ ಆಯ್ಕೆಯನ್ನು ಆನ್ ಮಾಡಬೇಕು.

ಪಿಕ್ಚರ್ ಮೋಡ್ ‘ಮೂವಿ’ ಅಥವಾ ‘ಫಿಲ್ಮ್‌ಮೇಕರ್’ ಇರಲಿ, ಬಣ್ಣದ ತಾಪ ‘ವಾರ್ಮ್’. ಇಲ್ಲದಿದ್ದರೆ ಕಪ್ಪು-ಬಿಳುಪು ನೀಲಿ-ಬಿಳುಪಾಗುತ್ತದೆ. ಶಾರ್ಪ್‌ನೆಸ್ ತಗ್ಗಿಸಿ, ಏಕೆಂದರೆ ಜಾರುಬಾಗಿಲಿನ ತೆಳು ಪಟ್ಟಿಗಳ ಸುತ್ತ ಮೊದಲು ಬಿಳಿ ಅಂಚು ಏಳುವುದು ಓಜು ಸಿನಿಮಾದಲ್ಲೇ. ನಾಯ್ಸ್ ರಿಡಕ್ಷನ್, ಮೋಷನ್ ಸ್ಮೂತಿಂಗ್, ಡೈನಮಿಕ್ ಕಾಂಟ್ರಾಸ್ಟ್ ಮೂರನ್ನೂ ಆಫ್ ಮಾಡಿ. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಕತ್ತಲೆ ಕೋಣೆಯಿಂದ ಬಿಸಿಲಿನ ಆಕಾಶಕ್ಕೆ ದೃಶ್ಯ ಹಾರಿದಾಗೆಲ್ಲ ಬೆಳಕು ತಾನಾಗಿ ಏರಿಳಿದರೆ ಅದರದ್ದೇ ಕೆಲಸ.

‘ಟೋಕಿಯೋ ಸ್ಟೋರಿ’ ಮಾತ್ರ ಸ್ವಲ್ಪ ಮೆತ್ತಗೆ ಕಾಣುತ್ತದೆ. ಅದು ಟಿವಿಯ ದೋಷವಲ್ಲ. ಮೂಲ ನೆಗೆಟಿವ್ ಬೆಂಕಿಯಲ್ಲಿ ಹೋಗಿದ್ದು, ಉಳಿದ ಪ್ರತಿಗಳಿಂದ ಇದನ್ನು ಸರಿಪಡಿಸಿದ್ದಾರೆ. ಆ ಮಟ್ಟಿಗೆ ಕೆಲಸ ಅಚ್ಚುಕಟ್ಟು. ಸದ್ದು ಮೋನೊ, ಅಂದರೆ ಒಂದೇ ಚಾನೆಲ್‌ನದು; ಸೌಂಡ್‌ಬಾರಿನ ಸರೌಂಡ್ ತೆಗೆದರೆ ಬಂದರಿನ ಬೋಟಿನ ಟಕಟಕ ಸದ್ದು ಅದರ ಜಾಗದಲ್ಲೇ ಕೇಳುತ್ತದೆ.

ಟಿವಿಯನ್ನು ಶೋಕೇಸಿನ ಮೇಲೆ ಆರಡಿ ಎತ್ತರಕ್ಕೆ ಮೊಳೆ ಹೊಡೆದು ಹಾಕಿದ್ದರೆ ತಗ್ಗಿನ ಕ್ಯಾಮೆರಾದ ಪರಿಣಾಮವೇ ಹಾಳು. ಪರದೆಯ ನಡುಭಾಗ ಕೂತವರ ಕಣ್ಣಿನ ಮಟ್ಟಕ್ಕೆ ಬರಲಿ: ಸೋಫಾದವರಿಗೆ ನೆಲದಿಂದ ಸುಮಾರು ಒಂದು ಮೀಟರ್, ಚಾಪೆ ಹಾಸಿ ಕೂತರೆ 75-80 ಸೆಂ.ಮೀ. ಚಾಪೆಯೇ ಚೆಂದ.

ಪ್ರೊಜೆಕ್ಟರ್ ಇರುವವರು ಕೀಸ್ಟೋನ್ ಬಟನ್ ನಂಬಬೇಡಿ. ಓರೆಯಾಗಿಟ್ಟು ಅದರಿಂದ ಸರಿಪಡಿಸಿದರೆ ಚಿತ್ರದ ನಯ ಹೋಗುತ್ತದೆ, ಕಂಬಗಳು ಒಂಚೂರು ವಾಲಿದರೂ ಓಜು ಕೋಣೆ ಕುಸಿದಂತೆ ಕಾಣುತ್ತದೆ. ಸ್ಟೂಲಿನ ಮೇಲೆ ಪರದೆಗೆ ನೇರವಾಗಿ ಇಟ್ಟು ಬಾಗಿಲ ಚೌಕಟ್ಟಿನ ಗೆರೆ ನೋಡಿ ಹೊಂದಿಸಿ. ಬೇಸಿಗೆಯಲ್ಲಿ ಕರೆಂಟ್ ಹೋಗುವ ಹೊತ್ತಿಗೆ ಲ್ಯಾಂಪ್ ಪ್ರೊಜೆಕ್ಟರ್ ಆದರೆ ಯುಪಿಎಸ್ ಬೇಕೇ ಬೇಕು. ಫ್ಯಾನ್ ಥಟ್ಟನೆ ನಿಂತರೆ ಬಿಸಿ ಹೊರಹೋಗದೆ ಲ್ಯಾಂಪಿನ ಆಯುಷ್ಯ ಕಡಿಮೆಯಾಗುತ್ತದೆ.

ಡಿಸ್ಕ್‌ಗಳ ನಿಜವಾದ ಕೊರತೆ ಒಂದೇ: ಸಬ್‌ಟೈಟಲ್ ಇಂಗ್ಲಿಷಿನಲ್ಲಿ ಮಾತ್ರ. ಅಜ್ಜ ಅಜ್ಜಿಯರಿಗೆ ಅದು ಓದಲಾಗದು, ಓದಬಲ್ಲವರಿಗೂ ‘ಟೋಕಿಯೋ ಸ್ಟೋರಿ’ಯಲ್ಲಿ ಗೊಂದಲವಾಗುತ್ತದೆ. ಜಪಾನಿನಲ್ಲಿ ಸೊಸೆಯೂ ಗಂಡನ ತಾಯಿಯನ್ನು ಅಮ್ಮ ಎಂದೇ ಕರೆಯುವುದರಿಂದ ಇಂಗ್ಲಿಷ್ ಓದಿದವರು ಸೊಸೆ ನೊರಿಕೊಳನ್ನು ಮಗಳೆಂದು ತಿಳಿಯುತ್ತಾರೆ. ಶುರು ಮಾಡುವ ಮೊದಲು ಒಂದು ಹಾಳೆಯಲ್ಲಿ ಮನೆತನ ಬರೆದು ಎಲ್ಲರಿಗೂ ತೋರಿಸಿ. ಶೂಕಿಚಿ, ತೋಮಿ: ಅಜ್ಜ, ಅಜ್ಜಿ. ಕೊಯಿಚಿ: ಹಿರಿಮಗ, ಡಾಕ್ಟರ್, ಅವನ ಮಕ್ಕಳು ಮಿನೊರು, ಇಸಾಮು (‘ಗುಡ್ ಮಾರ್ನಿಂಗ್’ ಹುಡುಗರಿಗೂ ಇವೇ ಹೆಸರು). ಶಿಗೆ: ಮಗಳು, ಬ್ಯೂಟಿ ಪಾರ್ಲರ್ ನಡೆಸುವವಳು. ಶೋಜಿ: ಯುದ್ಧದಲ್ಲಿ ತೀರಿಹೋದ ಮಗ, ಎಂಟು ವರ್ಷವಾಯಿತು, ನೊರಿಕೊ ಅವನ ಹೆಂಡತಿ. ಕೇಯಿಜೊ: ಒಸಾಕದಲ್ಲಿರುವ ಮಗ, ರೈಲ್ವೆ ಕೆಲಸ. ಕ್ಯೋಕೊ: ಊರಲ್ಲೇ ಇರುವ ಕಿರಿಮಗಳು, ಟೀಚರ್.

ನೊರಿಕೊ ಮಾತಾಡಿದಾಗ ಪಕ್ಕದಲ್ಲಿ ಕೂತ ಅಜ್ಜಿಗೆ ‘ಅತ್ತೆ’, ‘ಮಾವ’ ಎಂದೇ ಹೇಳಿ. ಹೆತ್ತ ಮಕ್ಕಳಿಗೆ ಬಿಡುವಿಲ್ಲದಾಗ ತನ್ನ ಚಿಕ್ಕ ಕೋಣೆಗೆ ಅತ್ತೆಯನ್ನು ಕರೆದುಕೊಂಡು ಹೋಗಿ ಬೆನ್ನು ನೀವುವವಳು ಗಂಡನಿಲ್ಲದ ಸೊಸೆ ಎಂಬುದು ತಿಳಿದರೆ ಸಾಕು, ಉಳಿದದ್ದಕ್ಕೆ ಅಜ್ಜಿಗೆ ಸಬ್‌ಟೈಟಲ್ ಬೇಕಾಗುವುದಿಲ್ಲ.