ಜಾಲಿ ಮುಳ್ಳಿನ ದಾರಿಗೆ ಟ್ಯೂಬೋ, ಟಿಪಿಯುವೋ, ಟ್ಯೂಬ್‌ಲೆಸ್ಸೋ?

ಚಿಕ್ಕಬಳ್ಳಾಪುರದ ಸುತ್ತ ಗ್ರಾವೆಲ್ ಸೈಕಲ್ (ಮಣ್ಣು, ಗರಸು ದಾರಿಗೂ ಆಗುವ ಸೈಕಲ್) ಓಡಿಸುವವರು ಗೇರು, ಫ್ರೇಮಿಗಿಂತ ಮೊದಲು ಯೋಚಿಸಬೇಕಾದ್ದು ಬಳ್ಳಾರಿ ಜಾಲಿಯ ಬಗ್ಗೆ. ಕಂದವಾರದ ಕೆರೆ ಏರಿ, ಸ್ಕಂದಗಿರಿ ಬುಡದ ಕಳವಾರದ ಕಡೆಯ ಬಂಡಿದಾರಿ, ಮುದ್ದೇನಹಳ್ಳಿ ಸುತ್ತಿನ ದ್ರಾಕ್ಷಿ ತೋಟಗಳ ನಡುವಿನ ಮಣ್ಣು ರಸ್ತೆ, ಎಲ್ಲಿ ಹೋದರೂ ಮುಳ್ಳು ತಪ್ಪಿದ್ದಲ್ಲ. ಬೇಲಿ ಸವರಿದ ವಾರವಂತೂ ಕೊಂಬೆಗಳೆಲ್ಲ ದಾರಿಗೇ ಬಿದ್ದಿರುತ್ತವೆ. ಸಾಲದ್ದಕ್ಕೆ ದ್ರಾಕ್ಷಿ ಚಪ್ಪರ ಬಿಗಿದು ಉಳಿದ ತಂತಿ ತುಂಡುಗಳು ಬೇರೆ.

ಒಂದೇ ಸೈಕಲ್ಲಿಗೆ, ಒಂದೇ ಜೊತೆ 700×40 (40 ಮಿಮೀ ಅಗಲದ) ಟಯರಿಗೆ ಮೂರನ್ನೂ ಹಾಕಿ ನೋಡಿದ್ದಾಯಿತು: ಮಾಮೂಲಿ ಬ್ಯುಟೈಲ್ ರಬ್ಬರಿನ ಟ್ಯೂಬ್, ಕಿತ್ತಳೆಯೋ ನೀಲಿಯೋ ಬಣ್ಣದಲ್ಲಿ ಬರುವ ತೆಳು ಪ್ಲಾಸ್ಟಿಕ್ಕಿನ ಟಿಪಿಯು ಟ್ಯೂಬ್, ಆಮೇಲೆ ಟ್ಯೂಬೇ ಇಲ್ಲದೆ, ತೂತು ಮುಚ್ಚುವ ದ್ರವ ಅಂದರೆ ಸೀಲೆಂಟ್ ಹಾಕಿದ ಟ್ಯೂಬ್‌ಲೆಸ್. ನನ್ನ ಓಟು ಟ್ಯೂಬ್‌ಲೆಸ್‌ಗೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಸಲ ಟಯರನ್ನು ರಿಮ್ಮಿಗೆ ಕೂರಿಸುವಾಗ ಅದು ಕೊಡುವ ಕಾಟವನ್ನು ಯಾರೂ ಪೂರ್ತಿ ಹೇಳುವುದಿಲ್ಲ. ಬಹಳ ಜನ ಬೇಸತ್ತು ಹಳೇ ಟ್ಯೂಬಿಗೆ ವಾಪಸ್ಸಾಗುವುದು ಅಲ್ಲೇ.

ಬ್ಯುಟೈಲ್ ಟ್ಯೂಬಿನದು ಗೊತ್ತಿರುವ ಕಥೆ. ಯಾವ ಪಂಚರ್ ಅಂಗಡಿಯಲ್ಲೂ ಪ್ಯಾಚು ಬೀಳುತ್ತದೆ, ಸೊಲ್ಯೂಷನ್ ಸಿಗುತ್ತದೆ. ತೊಂದರೆ ಎರಡು. ಒಂದು, ಜಾಲಿ ಮುಳ್ಳಿನ ತುದಿ ಮುರಿದು ಟಯರಿನ ಒಳಗೇ ಉಳಿಯುತ್ತದೆ. ಟ್ಯೂಬಿಗೆ ಪ್ಯಾಚು ಹಾಕಿ ಹೊರಟರೆ ಎರಡು ಕಿಲೋಮೀಟರಿನಲ್ಲಿ ಅದೇ ಜಾಗದಲ್ಲಿ ಮತ್ತೆ ಪಂಚರ್. ಬೆರಳಾಡಿಸಿದರೆ ಬೆರಳಿಗೇ ಚುಚ್ಚುತ್ತದೆ, ಇಲ್ಲವೇ ತುದಿ ಸಿಗುವುದೇ ಇಲ್ಲ. ಚೂರು ಹತ್ತಿಯನ್ನು ಟಯರಿನ ಒಳಗೋಡೆಗೆ ಒತ್ತಿ ಸುತ್ತಲೂ ಎಳೆಯಿರಿ. ಎಲ್ಲಿ ಎಳೆ ಸಿಕ್ಕಿಕೊಂಡಿತೋ ಅಲ್ಲಿ ಮುಳ್ಳಿದೆ. ಅದನ್ನು ಒಳಗಿನಿಂದಲೇ ಇಕ್ಕಳದಲ್ಲಿ ಎಳೆಯಬೇಕು. ಎರಡನೆಯದು ಗಾಳಿಯ ಒತ್ತಡ. 70 ಕೆಜಿ ಆಳು ಹತ್ತಿದರೆ ಹಿಂದಿನ ಚಕ್ರಕ್ಕೆ 48–50 ಪಿಎಸ್‌ಐ ಇಲ್ಲದೆ ಕಲ್ಲು ಹಾರಿಸುವ ಹಾಗಿಲ್ಲ. ಕಮ್ಮಿ ಮಾಡಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ನಜ್ಜಾಗಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು. ಅಷ್ಟು ಗಾಳಿ ಇಟ್ಟರೆ ಗರಸು ದಾರಿಯಲ್ಲಿ ಟಯರು ಹಿಡಿಯುವುದೂ ಇಲ್ಲ, ಬೆನ್ನು ಉಳಿಯುವುದೂ ಇಲ್ಲ.

ಟಯರಿಗೂ ಟ್ಯೂಬಿಗೂ ನಡುವೆ ಹಾಸುವ ಪ್ಲಾಸ್ಟಿಕ್ ಲೈನರ್ ಪಟ್ಟಿ ಬೇಡ. ಅದರ ಅಂಚೇ ಟ್ಯೂಬನ್ನು ಉಜ್ಜಿ ತೂತು ಮಾಡುತ್ತದೆ.

ಟಿಪಿಯು ಕೈಯಲ್ಲಿ ಹಿಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಮಡಚಿದರೆ ಬೆಂಕಿಪೊಟ್ಟಣದಷ್ಟು. ತೂಕವೋ, ಬ್ಯುಟೈಲಿನ ಅರ್ಧಕ್ಕಿಂತ ಕಡಿಮೆ. ಆದರೆ ಇದು ರಬ್ಬರಲ್ಲ, ಪ್ಲಾಸ್ಟಿಕ್ ಜಾತಿ. ಮಾಮೂಲಿ ಸೊಲ್ಯೂಷನ್ ಇದಕ್ಕೆ ಹಿಡಿಯುವುದಿಲ್ಲ. ಪಂಚರ್ ಅಂಗಡಿಯವರು ಎಷ್ಟು ಚೆನ್ನಾಗಿ ಉಜ್ಜಿ ಅಂಟಿಸಿಕೊಟ್ಟರೂ ಪ್ಯಾಚು ಎದ್ದು ಬರುತ್ತದೆ. ಇದರದ್ದೇ ಪ್ಯಾಚು ಬೇಕು, ಜಾಗವನ್ನು ಆಲ್ಕೋಹಾಲಿನಲ್ಲಿ ಒರೆಸಬೇಕು, ಪೂರ್ತಿ ಆರಬೇಕು. ಇನ್ನೊಂದು ಕಿರಿಕಿರಿ: ಸಣ್ಣ ತೂತು ಹುಡುಕಲು ಟ್ಯೂಬನ್ನು ಹೊರಗೆ ತೆಗೆದು ದಪ್ಪಗೆ ಗಾಳಿ ತುಂಬಿ ನೀರಲ್ಲಿ ಮುಳುಗಿಸುವ ಅಭ್ಯಾಸ ಇದೆಯಲ್ಲ, ಅದು ಇಲ್ಲಿ ನಡೆಯುವುದಿಲ್ಲ. ಟಯರಿನ ಹೊರಗೆ ಉಬ್ಬಿಸಿದರೆ ಹಿಗ್ಗಿ ಹಾಗೇ ಉಳಿದುಬಿಡುತ್ತದೆ. ಆಕಾರ ಬರುವಷ್ಟೇ ಗಾಳಿ ಹಾಕಿ ಕೆನ್ನೆಯ ಹತ್ತಿರ ಹಿಡಿದು ಹುಡುಕಬೇಕು. ಮುಳ್ಳಿನ ವಿಷಯದಲ್ಲಿ ಬ್ಯುಟೈಲಿಗಿಂತ ಹೆಚ್ಚು ತಾಳುತ್ತದೆ ಎನ್ನುವ ಮಾತು ನಮ್ಮ ದಾರಿಗಳಲ್ಲಿ ನನಗೆ ನಿಜ ಅನ್ನಿಸಲಿಲ್ಲ.

ಇನ್ನು ಟ್ಯೂಬ್‌ಲೆಸ್. ಓಡಿಸುವಾಗಿನ ಸುಖ ಎರಡು ಸಾಲಿನಲ್ಲಿ ಮುಗಿಯುತ್ತದೆ. ಮುಂದೆ 28, ಹಿಂದೆ 32 ಪಿಎಸ್‌ಐನಲ್ಲಿ ಟಯರು ಗರಸಿಗೆ ಕಚ್ಚಿಕೊಂಡು ಹೋಗುತ್ತದೆ. ಮುಳ್ಳು ಚುಚ್ಚಿದರೆ ಕಿತ್ತು, ತೂತನ್ನು ಕೆಳಗೆ ಮಾಡಿ, ಎರಡು ಸುತ್ತು ತಿರುಗಿಸಿದರೆ ಸೀಲೆಂಟ್ ಬುಸ್ ಎಂದು ಹೊರಬಂದು ಅಲ್ಲೇ ಗಟ್ಟಿಯಾಗುತ್ತದೆ.

ಕಾಟ ಶುರುವಾಗುವುದು ಕೂರಿಸುವಾಗ, ಅದರಲ್ಲೂ ನಮ್ಮ ಊರುಗಳಲ್ಲಿ. ಟಯರಿನ ಅಂಚು ರಿಮ್ಮಿನ ದಂಡೆಗೆ ಹತ್ತಿ ಕೂರಬೇಕಾದರೆ ಗಾಳಿ ಒಮ್ಮೆಗೇ ನುಗ್ಗಬೇಕು. ಕೈಪಂಪಿನಲ್ಲಿ ಹೊಡೆದಷ್ಟೂ ಅಂಚಿನ ಸಂದಿಯಲ್ಲಿ ಸೋರಿ ಹೋಗುತ್ತದೆ. ಸರಿ, ಲಾರಿ ಟಯರಿಗೆ ಗಾಳಿ ಹೊಡೆಯುವ ಕಂಪ್ರೆಸರ್ ಹತ್ತಿರ ಹೋಗೋಣ ಅನ್ನುತ್ತೀರಿ. ಅಲ್ಲಿನ ಪೈಪಿನ ಬಾಯಿ ಬೈಕು-ಲಾರಿಯ ದಪ್ಪ ವಾಲ್ವಿನದು, ನಮ್ಮದು ಪ್ರೆಸ್ಟಾ ಅನ್ನುವ ಸಣ್ಣ ವಾಲ್ವು. ಅದಕ್ಕೆ ಹಿತ್ತಾಳೆ ಅಡಾಪ್ಟರ್ ಇಟ್ಟುಕೊಂಡೇ ಹೋಗಿರುತ್ತೀರಿ. ಈಗ ಸಿಕ್ಕಿಬೀಳುವುದು: ಗಾಳಿ ರಭಸವಾಗಿ ಹೋಗಲು ವಾಲ್ವಿನ ಒಳಗಿನ ಕೋರ್ ಬಿಚ್ಚಬೇಕು. ಆದರೆ ಅಡಾಪ್ಟರ್ ಕೂರುವ ತಿರುಪಿನ ಮರೆ ಇರುವುದು ಆ ಕೋರ್ ಮೇಲೆಯೇ. ಕೋರ್ ಬಿಚ್ಚಿದರೆ ಅಡಾಪ್ಟರ್ ಹತ್ತುವುದಿಲ್ಲ, ಅಡಾಪ್ಟರ್ ಹಾಕಿದರೆ ಆ ಕಿರಿದಾದ ಕೋರಿನಲ್ಲಿ ಗಾಳಿ ಸಾಲುವುದಿಲ್ಲ. ಅರ್ಧ ಗಂಟೆ ಸೋಪುನೀರು ಬಳಿದು, ಟಯರು ಗುದ್ದಿ, ಕೊನೆಗೆ ‘ಟಯರೇ ಸರಿಯಿಲ್ಲ’ ಎಂದು ವಾಪಸ್ ಬರುವುದು ಇದೇ ಕಾರಣಕ್ಕೆ. ಟಯರಿನ ತಪ್ಪೇನೂ ಇರುವುದಿಲ್ಲ.

ದಾರಿ ಇಷ್ಟೇ: ಪೈಪಿನ ಬಾಯಿ ಬೇಡ, ಧೂಳು ಊದುವ ಏರ್ ಗನ್ ಕೇಳಿ. ಗಾಡಿ ತೊಳೆಯುವ ಸರ್ವೀಸ್ ಸ್ಟೇಷನ್‌ನಲ್ಲಿ ಇದ್ದೇ ಇರುತ್ತದೆ. ಕೋರ್ ಬಿಚ್ಚಿದ ವಾಲ್ವಿಗೆ ಅದರ ತುದಿಯನ್ನು ನೇರ ಒತ್ತಿ, ಚಿಕ್ಕ ಚಿಕ್ಕ ಊದು ಕೊಡಿ. ಸೋಪುನೀರು ಬಳಿದ ಅಂಚು ಟಪ್, ಟಪ್ ಎಂದು ಎರಡೂ ಕಡೆ ಹತ್ತಿ ಕೂರುತ್ತದೆ. ಆ ಸದ್ದು ಬಂದ ಕೂಡಲೇ ನಿಲ್ಲಿಸಿ. ಏರ್ ಗನ್ನಿಗೆ ಮೀಟರ್ ಇರುವುದಿಲ್ಲ, ಟಯರಿನ ಪಕ್ಕೆಯ ಮೇಲೆ ಬರೆದ ಗರಿಷ್ಠ ಒತ್ತಡ ದಾಟಿದರೆ ಅಪಾಯ. ಗನ್ ತೆಗೆದಾಗ ಗಾಳಿ ಪೂರ್ತಿ ಹೋದರೂ ಹೋಗಲಿ, ಹತ್ತಿದ ಅಂಚು ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ. ಆಮೇಲೆ ಮನೆಗೆ ಬಂದು, ಮೆಡಿಕಲ್ ಸ್ಟೋರಿನ 50 ಮಿಲೀ ಸಿರಿಂಜಿಗೆ ಸಣ್ಣ ಪೈಪು ಸಿಕ್ಕಿಸಿ, ವಾಲ್ವಿನ ಮೂಲಕ ಚಕ್ರಕ್ಕೆ 80 ಮಿಲೀ ಸೀಲೆಂಟ್ ಬಿಟ್ಟು, ಕೋರ್ ತಿರುಗಿಸಿ, ಕೈಪಂಪಿನಲ್ಲೇ ಗಾಳಿ ಹೊಡೆಯಬಹುದು. ಸೀಲೆಂಟ್ ಹಾಕಿಕೊಂಡು ಕಂಪ್ರೆಸರ್ ಹತ್ತಿರ ಹೋಗಬೇಡಿ. ಅಂಚು ಕೂರದಿದ್ದರೆ ಅಂಗಡಿಯವರ ಷರ್ಟೆಲ್ಲ ಬಿಳಿ ಹಾಲು.

ಇದಾದ ಮೇಲೂ ರಾತ್ರಿ ಕಳೆಯುವಷ್ಟರಲ್ಲಿ ಗಾಳಿ ಇಳಿದರೆ ತಪ್ಪು ಕಡ್ಡಿಗಳ ತೂತು ಮುಚ್ಚಲು ರಿಮ್ಮಿನ ಒಳಗೆ ಸುತ್ತುವ ಟೇಪಿನದು. ಸೋಪುನೀರು ಬಳಿದರೆ ಕಡ್ಡಿಗಳು ರಿಮ್ಮಿಗೆ ಸೇರುವ ಕಡೆ ಗುಳ್ಳೆ ಬರುತ್ತದೆ. ಗುಳ್ಳೆ ಬಂದ ಕಡ್ಡಿಯ ಕೆಳಗೇ ಟೇಪು ಹರಿದಿದೆ ಅಂದುಕೊಳ್ಳಬೇಡಿ. ಗಾಳಿ ರಿಮ್ಮಿನ ಟೊಳ್ಳಿನಲ್ಲಿ ಓಡಾಡಿ ಎಲ್ಲಿ ಬೇಕಾದರೂ ಹೊರಬರುತ್ತದೆ. ಹೆಚ್ಚಿನ ಸಲ ಸೋರುವುದು ವಾಲ್ವಿನ ತೂತಿನ ಸುತ್ತ. ರಿಮ್ಮಿನ ಒಳ ಅಗಲ 21 ಮಿಮೀ ಇದ್ದರೆ 25 ಮಿಮೀ ಟೇಪು ಬೇಕು. ಮೊದಲು ಮೊಬೈಲ್ ರಿಪೇರಿ ಮಾಡುವವರ ಹತ್ತಿರ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ರಿಮ್ಮು ಒರೆಸಿ. ವಾಲ್ವಿನ ತೂತಿಗಿಂತ ಒಂದು ಗೇಣು ಹಿಂದೆ ಶುರು ಮಾಡಿ, ಬಿಗಿಯಾಗಿ ಎಳೆಯುತ್ತಾ ಸುತ್ತಿ, ತೂತು ದಾಟಿ ಇನ್ನೊಂದು ಗೇಣು ಹೋಗಿ. ತೂತಿನ ಮೇಲೆ ಎರಡು ಪದರ ಬರಬೇಕು. ತೂತು ಮಾಡುವುದು ಬ್ಲೇಡಿನಿಂದಲ್ಲ, ಕಾಯಿಸಿದ ದಬ್ಬಣದಿಂದ. ಬ್ಲೇಡಿನ ಗೀರು ಮುಂದೆ ಸೀಳುತ್ತಾ ಹೋಗುತ್ತದೆ, ಸುಟ್ಟ ತೂತಿನ ಅಂಚು ಕರಗಿ ಗಟ್ಟಿಯಾಗುತ್ತದೆ. ಆಮೇಲೆ ಟ್ಯೂಬು ಹಾಕಿ 50 ಪಿಎಸ್‌ಐನಲ್ಲಿ ಒಂದು ರಾತ್ರಿ ಬಿಟ್ಟರೆ ಟೇಪು ರಿಮ್ಮಿಗೆ ಚೆನ್ನಾಗಿ ಒತ್ತಿಕೊಳ್ಳುತ್ತದೆ. ಟ್ಯೂಬು ತೆಗೆಯುವಾಗ ಒಂದೇ ಕಡೆಯ ಅಂಚು ಬಿಚ್ಚಿ, ಇನ್ನೊಂದು ಕೂತಿದ್ದರೆ ಗಾಳಿ ಹಿಡಿಸುವ ಕೆಲಸ ಅರ್ಧ ಮುಗಿದಂತೆ. ವಾಲ್ವಿನ ನಟ್ಟಿಗೆ ಇಕ್ಕಳ ಹಾಕಬೇಡಿ, ಕೈಬಿಗಿ ಸಾಕು.

ಸೀಲೆಂಟ್ ಒಣಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಬೇಗ. ಎರಡು ತಿಂಗಳಿಗೊಮ್ಮೆ ಚಕ್ರ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ, ಗುಳುಗುಳು ಕೇಳದಿದ್ದರೆ 30 ಮಿಲೀ ಸೇರಿಸಿ.

ತಂತಿಯಿಂದಾದ ತೂತು ದೊಡ್ಡದಾದರೆ ಸೀಲೆಂಟಿಗೆ ಆಗುವುದಿಲ್ಲ, ಬೈಕ್ ಟಯರಿನ ತೂತಿಗೆ ತುರುಕುವ ರಬ್ಬರ್ ಹುರಿಯ ಸಣ್ಣ ತಮ್ಮನೇ ಬೇಕು. ಪಕ್ಕೆ ಸೀಳಿದರೆ ಕೊನೆಗೂ ಟ್ಯೂಬೇ ಗತಿ. ಇಲ್ಲೊಂದು ಮೋಸ ಕಾದಿರುತ್ತದೆ. ತಿಂಗಳುಗಟ್ಟಲೆ ಸೀಲೆಂಟ್ ಮುಚ್ಚಿಕೊಂಡು ಬಂದ ಮುಳ್ಳಿನ ತುದಿಗಳು ಟಯರಿನ ಒಳಗೆ ಹಾಗೇ ನಿಂತಿರುತ್ತವೆ. ಹತ್ತಿ ಆಡಿಸದೆ ಟ್ಯೂಬು ಹಾಕಿದರೆ ಹತ್ತು ಹೆಜ್ಜೆಯೂ ಹೋಗುವುದಿಲ್ಲ.

ಇದೆಲ್ಲ ಬಯಲುಸೀಮೆಯ ಲೆಕ್ಕ. ಆಗುಂಬೆ ಘಾಟಿಯ 14 ತಿರುವು ಇಳಿದು ಸೋಮೇಶ್ವರ, ಹೆಬ್ರಿ ಕಡೆಯ ಜಂಬಿಟ್ಟಿಗೆ ದಾರಿಗಳಲ್ಲಿ ಓಡಿಸುವವರಿಗೆ ಜಾಲಿಯ ಭಯ ಅಷ್ಟಿಲ್ಲ. ಅಲ್ಲಿ ಕಷ್ಟ ಕೊಡುವುದು ಕಲ್ಲಿನ ಅಂಚು ಮತ್ತು ಮಳೆಗಾಲದ ಪಾಚಿ. ವರ್ಷಕ್ಕೆರಡು ಸಲ ಮಾತ್ರ ಅಲ್ಲಿಗೆ ಹೋಗಿ ಉಳಿದಂತೆ ಟಾರು ರಸ್ತೆಯಲ್ಲೇ ಇರುವವರಿಗೆ ಟಿಪಿಯು ಸಾಕು ಅಂತಲೇ ಹೇಳುತ್ತೇನೆ.

ನನ್ನದು ವಾರಕ್ಕೆ ಮೂರು ದಿನ, 35–40 ಕಿಲೋಮೀಟರು, ಅರ್ಧಕ್ಕರ್ಧ ಮಣ್ಣು ದಾರಿ. ಬೆಳಗ್ಗೆ ಐದೂವರೆಗೆ ಹೊರಟರೆ ಪಂಚರ್ ಅಂಗಡಿ ತೆರೆಯುವ ಹೊತ್ತಿಗೆ ಮನೆಯಲ್ಲಿರಬೇಕು. ಟೇಪು, ಎರಡು ವಾಲ್ವು, ಅರ್ಧ ಲೀಟರ್ ಸೀಲೆಂಟ್ ಸೇರಿ ಸುಮಾರು 3,000 ರೂಪಾಯಿ ಬಿತ್ತು. ಶುರುವಿಗೆ 160 ಮಿಲೀ, ಆಮೇಲೆ ಎರಡು ತಿಂಗಳಿಗೆ 60 ಮಿಲೀ ಅಂದರೆ ಒಂದು ಬಾಟಲಿ ಹತ್ತಿರ ಹತ್ತಿರ ಒಂದು ವರ್ಷ ಬರುತ್ತದೆ. ರಿಮ್ಮು, ಟಯರು ಎರಡೂ ಟ್ಯೂಬ್‌ಲೆಸ್‌ಗೆ ಆಗುವಂಥವೇ ಇದ್ದರೆ ಮಾತ್ರ ಈ ಲೆಕ್ಕ. ಅವನ್ನೂ ಕೊಳ್ಳಬೇಕಾದರೆ, ತಿಂಗಳಿಗೊಂದು ಭಾನುವಾರ ಓಡಿಸುವವರು ಬ್ಯುಟೈಲ್ ಟ್ಯೂಬು, ಆರು ಪ್ಯಾಚು, ಒಂದು ಉಂಡೆ ಹತ್ತಿ ಇಟ್ಟುಕೊಳ್ಳಲಿ. ತಿಂಗಳುಗಟ್ಟಲೆ ನಿಂತ ಸೈಕಲ್ಲಿನಲ್ಲಿ ಸೀಲೆಂಟ್ ಸುಮ್ಮನೆ ಒಣಗಿ ಹೋಗುತ್ತದೆ.

ಟಿಪಿಯು ಟ್ಯೂಬನ್ನು ಎಸೆದಿಲ್ಲ. ಸೀಟಿನ ಕೆಳಗಿನ ಚೀಲದಲ್ಲಿ ಸ್ಪೇರ್ ಆಗಿ ಇರಲು ಅದಕ್ಕಿಂತ ಒಳ್ಳೆಯದು ಸಿಗಲಾರದು. ಇಕ್ಕಳದ ಜೊತೆ ಬರಿದೇ ಹಾಕಿದರೆ ಉಜ್ಜಿ ಉಜ್ಜಿ ಚೀಲದೊಳಗೇ ತೂತಾಗುತ್ತದೆ, ಹಳೇ ಕಾಲುಚೀಲದಲ್ಲಿ ಸುತ್ತಿಡಿ.