ಆಕ್ರಮಣಕಾರಿ ಪ್ರಭೇದಗಳ ಕಾನೂನು: ಜಪಾನ್ ಮಾದರೀನಾ, ನ್ಯೂಜಿಲೆಂಡ್ ಮಾದರೀನಾ?

ಹೊರಗಿಂದ ಬಂದು ಹರಡೋ ಗಿಡ, ಪ್ರಾಣಿಗಳ ಬಗ್ಗೆ ಕಾನೂನಿನ ಕರಡು ಬರೀತಿರೋರು ಮೊದ್ಲು ಒಂದು ವಿಷ್ಯ ತೀರ್ಮಾನ ಮಾಡ್ಕೊಳ್ಳಿ, ಅಪಾಯಕಾರಿ ಅಂತ ಪಟ್ಟಿ ಮಾಡಿರೋದನ್ನ ಮಾತ್ರ ತಡೀಬೇಕಾ ಅಥ್ವಾ ಒಪ್ಪಿಗೆ ಸಿಗದೇ ಇರೋದನ್ನೆಲ್ಲಾ ತಡೀಬೇಕಾ ಅಂತ.

ಜಪಾನ್‌ದು ಮೊದಲ್ನೇ ದಾರಿ. 2004ರ ಕಾಯ್ದೆ, 2005ರಲ್ಲಿ ಜಾರಿಗೆ ಬಂತು. ಪಟ್ಟೀಲಿರೋ ಪ್ರಭೇದನ ಪರ್ಮಿಷನ್ ಇಲ್ದೆ ತರಿಸ್ಕೊಳ್ಳೋ ಹಾಗಿಲ್ಲ, ಸಾಕೋ ಹಾಗಿಲ್ಲ, ಹೊರಗೆ ಬಿಡೋ ಹಾಗಂತೂ ಇಲ್ವೇ ಇಲ್ಲ. ಇದ್ರಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು ಕೆಂಪು ಕಿವಿಯ ಸ್ಲೈಡರ್ ಆಮೆ ವಿಚಾರ, ಅದು ಆಗ್ಲೇ ಎಷ್ಟೋ ಮನೆಗಳಲ್ಲಿ ಇತ್ತು, ಪೂರ್ತಿ ಬ್ಯಾನ್ ಮಾಡಿದ್ರೆ ಜನ ಹೆದರಿ ಕೆರೆಗೆ ಬಿಟ್ಬಿಡ್ತಾರೆ ಅನ್ನೋ ಭಯ, ಅದಕ್ಕೆ 2023ರ ಜೂನ್‌ನಿಂದ ಮನೇಲಿ ಸಾಕ್ಬಹುದು ಆದ್ರೆ ಮಾರೋದು, ಹೊರಗೆ ಬಿಡೋದು ಅಪರಾಧ ಅಂತ ಮಾಡಿದ್ರು. ಜನ ಹೇಗೆ ನಡ್ಕೋತಾರೆ ಅಂತ ಯೋಚ್ನೆ ಮಾಡಿ ಬರ್ದಿರೋ ನಿಯಮ ಇದು.

ನ್ಯೂಜಿಲೆಂಡ್ ಉಲ್ಟಾ. 1996ರ ಕಾಯ್ದೆ ಪ್ರಕಾರ 1998 ಜುಲೈ 29ಕ್ಕೆ ಮುಂಚೆ ದೇಶದಲ್ಲಿ ಇರದೇ ಇದ್ದ ಜೀವಿ 'ಹೊಸದು', ಒಪ್ಪಿಗೆ ಇಲ್ದೆ ಒಳಗೆ ಬರಲ್ಲ. ಅಪಾಯ ಇದ್ಯೋ ಇಲ್ವೋ ಅನ್ನೋ ಪರೀಕ್ಷೆ ಬರೋಕೆ ಮುಂಚೇನೇ ಆಗತ್ತೆ. ಗಡಿ ತಪಾಸಣೆ, ಹಾವಳಿ ಮಾಡೋ ಜೀವಿಗಳ ನಿಯಂತ್ರಣಕ್ಕೆ 1993ರ ಬಯೋಸೆಕ್ಯೂರಿಟಿ (ಜೈವಿಕ ಸುರಕ್ಷತೆ) ಕಾಯ್ದೆ ಬೇರೆ ಇದೆ.

ಅಮೆರಿಕದ ವನ್ಯಜೀವಿ ಕಾನೂನಾದ 1900ರ ಲೇಸಿ ಕಾಯ್ದೇನೂ ಪಟ್ಟಿ ನಂಬ್ಕೊಂಡಿದೆ, ಆದ್ರೆ ಹೆಸ್ರು ಸೇರಿಸೋದು ನಿಧಾನ.

ಸುತ್ತ ಸಮುದ್ರ ಇರೋ ದೇಶ ಆದ್ರೆ ಕಣ್ಮುಚ್ಕೊಂಡು ನ್ಯೂಜಿಲೆಂಡ್ ದಾರಿ ಹಿಡೀರಿ. ಉದ್ದದ ನೆಲದ ಗಡಿ ಇದ್ರೆ ಅದನ್ನ ಜಾರಿ ಮಾಡೋದು ಕಷ್ಟ, ಆಗ ಜಪಾನ್ ಥರ ಪಟ್ಟಿ ಇಟ್ಕೊಳ್ಳಿ, ಜೊತೆಗೆ ತುರ್ತಾಗಿ ಹೆಸ್ರು ಸೇರಿಸೋ ಅಧಿಕಾರಾನ ಕಾಯ್ದೆಯೊಳಗೇ ಬರ್ದುಬಿಡಿ.