ಜೀನ್ ಪರೀಕ್ಷೆಯ ವರದಿ, ಅದನ್ನು ಬಿಡಿಸಿ ಹೇಳಿದ ಒಂದು ಗಂಟೆ

ನಮ್ಮ ಏಳು ವರ್ಷದ ಮಗಳಿಗೆ ನಸುಕಿನ ನಿದ್ದೆಯಲ್ಲಿ ಎಡಗೆನ್ನೆ ಅದುರುತ್ತಿತ್ತು, ಜೊಲ್ಲು ಸುರಿಯುತ್ತಿತ್ತು, ಎಚ್ಚರವಾಗಿ ನಮ್ಮ ಮುಖವನ್ನೇ ನೋಡುತ್ತಿದ್ದರೂ ‘ಅಮ್ಮ’ ಎನ್ನಲು ಬಾಯಿ ಬರುತ್ತಿರಲಿಲ್ಲ. ಕ್ರಮೇಣ ಹಗಲಿನ ಮಾತೂ ಅಸ್ಪಷ್ಟವಾದಾಗ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಾಕ್ ಚಿಕಿತ್ಸೆ ಆರಂಭಿಸಿದೆವು. ನಿದ್ದೆಯಲ್ಲಿ ತೆಗೆದ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ) ನೋಡಿದ ನರರೋಗ ತಜ್ಞರು ಜೀನ್ ಪರೀಕ್ಷೆ ಮಾಡಿಸಲು ಹೇಳಿದರು. ಮೈಸೂರಿನಲ್ಲೇ ರಕ್ತ ಕೊಟ್ಟು ಪಡೆದ ಆ ಸೇವೆಯ ಅನುಭವ ಇದು.

ರಕ್ತ ತೆಗೆಯಲು ಸರಸ್ವತಿಪುರಂನ ಮನೆಗೇ ಬಂದಿದ್ದವರು ಮಗುವನ್ನು ಮಾತನಾಡಿಸುತ್ತಲೇ ಒಂದೇ ಸಲಕ್ಕೆ ಕೆಲಸ ಮುಗಿಸಿದರು. ವರದಿ ಮಾತ್ರ ನಾಲ್ಕು ವಾರವೆಂದು ಹೇಳಿ ಏಳನೆಯ ವಾರ, ಅದೂ ರಾತ್ರಿ ಒಂಬತ್ತಕ್ಕೆ, ಮೊಬೈಲಿಗೆ ಬಂತು. ಹನ್ನೆರಡು ಪುಟದ ಇಂಗ್ಲಿಷಿನ ನಡುವೆ, ಗ್ರಿನ್2ಎ ಜೀನಿನಲ್ಲಿ ರೋಗಕಾರಕ ಬದಲಾವಣೆ ಇದೆ ಎಂಬ ಸಾಲು ಓದಿ ನಾವಿಬ್ಬರೂ ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ. ಪ್ರಯೋಗಾಲಯದಿಂದ ಒಂದು ಕರೆಯೂ ಬರಲಿಲ್ಲ. ಇದನ್ನು ನಾನು ದೊಡ್ಡ ಲೋಪವೆಂದೇ ಪರಿಗಣಿಸುತ್ತೇನೆ.

ಕಟ್ಟಿದ ಹಣ ಸಾರ್ಥಕವೆನಿಸಿದ್ದು ಮರುವಾರ, ಆಪ್ತಸಮಾಲೋಚಕಿಯ ಮುಂದೆ ಕುಳಿತಾಗ. ಅವರು ಹಾಳೆಯ ಮೇಲೆ ನಾಲ್ಕು ಸೊನ್ನೆಗಳನ್ನು ಒತ್ತೊತ್ತಾಗಿ ಬರೆದು, ಮಿದುಳಿನ ಎನ್‌ಎಂಡಿಎ ರಿಸೆಪ್ಟರ್ ಇಂಥ ನಾಲ್ಕು ಉಪಘಟಕಗಳು ಕೂಡಿ ಆಗುವ, ನರಕೋಶದ ಒಂದು ಬಾಗಿಲು ಎಂದರು. ಎರಡು ಗ್ಲುಎನ್1 ಇದ್ದೇ ಇರುತ್ತವೆ. ಉಳಿದೆರಡು ಸಾಮಾನ್ಯವಾಗಿ ಗ್ಲುಎನ್2 ಬಗೆಯವು. ಮೊದಲ ಬಗೆಗೆ ಗ್ಲೈಸೀನ್, ಎರಡನೆಯ ಬಗೆಗೆ ಗ್ಲುಟಮೇಟ್ ಎಂಬ ರಾಸಾಯನಿಕಗಳು ಅಂಟಿಕೊಂಡು, ನಡುವೆ ಬೆಣೆಯಂತೆ ಕೂತ ಮೆಗ್ನೀಸಿಯಂ ಸರಿದರಷ್ಟೇ ಕ್ಯಾಲ್ಸಿಯಂ ಒಳಗೆ ಹರಿಯುತ್ತದೆ. ಕಲಿಕೆಗೂ ನೆನಪಿಗೂ ಈ ಹರಿವು ಬೇಕು. ಗರ್ಭದಲ್ಲಿ ಗ್ಲುಎನ್2ಬಿ ಹೆಚ್ಚಿದ್ದು, ಹುಟ್ಟಿದ ಮೇಲೆ ಬೇಗ ಮುಚ್ಚಿಕೊಳ್ಳುವ ಗ್ಲುಎನ್2ಎ ಹೆಚ್ಚುತ್ತ ಹೋಗುತ್ತದೆ. ಗ್ಲುಎನ್2ಎ ತಯಾರಾಗುವುದು ಗ್ರಿನ್2ಎ ಜೀನಿನಿಂದಲೇ. ಮಾತನ್ನೂ ಕುಗ್ಗಿಸುವ ಬಾಲ್ಯದ ಅಪಸ್ಮಾರಕ್ಕೂ ಈ ಜೀನಿಗೂ ಇರುವ ನಂಟನ್ನು ಸಂಶೋಧಕರು 2013ರಲ್ಲಿ ಪ್ರಕಟಿಸಿದರಂತೆ.

“ಹಾಗಾದರೆ ನಮ್ಮ ಮಗುವಿನ ಬಾಗಿಲು ತೆರೆಯುತ್ತಿಲ್ಲವೋ, ಮುಚ್ಚುತ್ತಿಲ್ಲವೋ, ಮೇಡಂ?” ಎಂದು ನನ್ನ ಹೆಂಡತಿ ಕೇಳಿದಳು.

“ಅದೇ ಮುಖ್ಯ ಪ್ರಶ್ನೆ ಅಮ್ಮ, ವರದಿಯಲ್ಲಿ ಅದಕ್ಕೆ ಉತ್ತರವಿಲ್ಲ” ಎಂದರು.

ರಿಸೆಪ್ಟರ್ ಅತಿಯಾಗಿ ಕೆಲಸ ಮಾಡುವ ಕೆಲವು ಮಕ್ಕಳಲ್ಲಿ ಅದನ್ನು ತಡೆಯುವ ಮೆಮಂಟೀನ್ ಎಂಬ ಮದ್ದನ್ನು ಪ್ರಯೋಗಿಸಿದ್ದಾರೆ. ಕೆಲಸವೇ ಕುಗ್ಗಿದ್ದರೆ ಆ ಮದ್ದಿಗೆ ಅರ್ಥವಿಲ್ಲ. ಒಂದೇ ಜೀನ್, ಎರಡು ವಿರುದ್ಧ ದೋಷಗಳು. ಇದನ್ನು ತಿಳಿಯದೆ ಯಾವ ಮಾತ್ರೆಯನ್ನೂ ಕೇಳಿಕೊಂಡು ಹೋಗಬೇಡಿ ಎಂದು ತಿಳಿಹೇಳಿ, ನರರೋಗ ತಜ್ಞರಿಗೆ ತಾವೇ ಪತ್ರ ಬರೆದುಕೊಟ್ಟರು. ಅವರ ತಾಳ್ಮೆಗೆ ನಾವು ಋಣಿಗಳು.

ಈ ಸಮಾಲೋಚನೆ ಪರೀಕ್ಷೆಯ ಶುಲ್ಕದಲ್ಲೇ ಸೇರಿದ್ದರೂ ನಾವಾಗಿ ವಿಚಾರಿಸುವವರೆಗೆ ಯಾರೂ ತಿಳಿಸಿರಲಿಲ್ಲ. ಹಣ ಕಟ್ಟುವ ಮೊದಲೇ ಅದರ ದಿನಾಂಕವನ್ನು ಬರೆಸಿಕೊಳ್ಳಿ, ಕನ್ನಡದಲ್ಲಿ ವಿವರಿಸುವವರು ಬೇಕೆಂದೂ ಹೇಳಿ.